ಪಂಪಸೆಟ್ ಅಂಗಡಿಗೆ ಬಂದ ವಾಲ್ವ್ ಆಂಪ್ಲಿಫೈಯರ್

ನಾನು ಹವಾಯಿಯನ್ ಗಿಟಾರ್ ನುಡಿಸುತ್ತೇನೆ. ಹೀಗೆಂದರೆ ಈಗಿನವರಿಗೆ ತಟ್ಟನೆ ತಿಳಿಯುವುದಿಲ್ಲ. ಗಿಟಾರನ್ನು ಎದೆಗೆ ಆನಿಸಿಕೊಳ್ಳುವ ಬದಲು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಹಿಡಿದ ಉಕ್ಕಿನ ಸಣ್ಣ ಸರಳನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸಬೇಕು. ಹೈಸ್ಕೂಲಿನಲ್ಲಿದ್ದಾಗ ದೇಶಪಾಂಡೆ ನಗರದ ಒಂದು ಮನೆಯ ಪಡಸಾಲೆಯಲ್ಲಿ ಕಲಿತೆ. ಕಲಿಸುತ್ತಿದ್ದ ಸರ್ ರೈಲ್ವೆಯಲ್ಲಿ ಕಾರಕೂನರಾಗಿದ್ದರು. ಅವರ ಹತ್ತಿರ ಒಂದು ವಾಲ್ವ್ ಆಂಪ್ಲಿಫೈಯರ್ ಇತ್ತು. ಹಳೆಯ ರೇಡಿಯೊಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್‌ಗಳು ಅದರ ಬೆನ್ನಿನಲ್ಲಿ ಕೆಂಪಗೆ ಕಾಣುತ್ತಿದ್ದವು. ಬಟನ್ ಒತ್ತಿದ ಕೂಡಲೇ ಸದ್ದು ಬರುತ್ತಿರಲಿಲ್ಲ. ಅದು ಬಿಸಿಯಾಗುವ ತನಕ ನಾವು ನಾಲ್ಕೈದು ಹುಡುಗಿಯರು ಸುಮ್ಮನೆ ಕೂತಿರಬೇಕಿತ್ತು. ಆಮೇಲೆ ಬರುತ್ತಿದ್ದ ಸ್ವರ ಮಾತ್ರ ದುಂಡಗೆ, ತುಂಬಿಕೊಂಡು, ಬಿಟ್ಟ ಮೇಲೂ ಸ್ವಲ್ಪ ಹೊತ್ತು ಕೋಣೆಯಲ್ಲಿ ನಿಲ್ಲುತ್ತಿತ್ತು.

ಮದುವೆಯಾದ ಮೇಲೆ ಗಿಟಾರ್ ಕಪಾಟಿನ ಮೇಲೆ ಹೋಯಿತು. ಯಾರೂ ಬೇಡ ಅಂದಿರಲಿಲ್ಲ, ಅದನ್ನು ಹೇಳಲೇಬೇಕು. ಒಮ್ಮೆ ಅತ್ತೆಯವರು ಮಧ್ಯಾಹ್ನ ಮಲಗಿದ್ದಾಗ, ‘ಸ್ವಲ್ಪ ಸಣ್ಣಗ ಬಾರಸವಾ’ ಅಂದರು. ಅಷ್ಟಕ್ಕೇ ನಾನು ಮುನಿಸಿಕೊಂಡು ಅದನ್ನು ಚೀಲಕ್ಕೆ ತುಂಬಿ ಮೇಲಿಟ್ಟೆ. ಅವರು ಮರುದಿನವೇ ಮರೆತಿದ್ದರು. ನಾನು ಇಪ್ಪತ್ತೆಂಟು ವರ್ಷ ಮರೆಯಲಿಲ್ಲ. ನನ್ನ ಹಟದ ಬಗ್ಗೆ ಹೆಮ್ಮೆಪಡುವಂಥದ್ದೇನೂ ಇಲ್ಲ.

ಮೂರು ವರ್ಷದ ಹಿಂದೆ ವಿದ್ಯಾನಗರದ ನಮ್ಮ ಮನೆಗೆ ಬಣ್ಣ ಹಚ್ಚಿಸುವಾಗ ಕಪಾಟು ಸರಿಸಬೇಕಾಯಿತು, ಗಿಟಾರ್ ಕೆಳಗಿಳಿಯಿತು. ಹೊಸ ತಂತಿ ಹಾಕಿಸಿದೆ. ಬೆರಳುಗಳು ಮೊದಲ ವಾರ ಬೈದವು, ಎರಡನೆಯ ವಾರ ದಾರಿಗೆ ಬಂದವು. ಮಾರ್ಕೆಟಿನಿಂದ ತಂದ ಚಿಕ್ಕ ಆಂಪ್ಲಿಫೈಯರಿಗೆ ಜೋಡಿಸಿ ನುಡಿಸಿದರೆ ಸ್ವರಗಳೇನೋ ಸರಿಯಾಗಿಯೇ ಬರುತ್ತಿದ್ದವು. ಆದರೆ ಒಣ ರೊಟ್ಟಿ ಮುರಿದಂತೆ ಪಟ್ಟನೆ ಮುಗಿದುಹೋಗುತ್ತಿದ್ದವು. ಆಗ ಸರ್ ಅವರ ಪಡಸಾಲೆ ನೆನಪಾಗತೊಡಗಿತು.

ನನ್ನ ಗಂಡನಿಗೆ ಸಂಗೀತದ ಗಂಧವಿಲ್ಲ. ಗೋಕುಲ ರಸ್ತೆಯಲ್ಲಿ ಅವರ ವೈಂಡಿಂಗ್ ಅಂಗಡಿ. ರೈತರು ಸುಟ್ಟ ಪಂಪಸೆಟ್ ಮೋಟಾರು ತರುತ್ತಾರೆ. ಒಳಗಿನ ಕರಕಲು ತಾಮ್ರದ ಸುರುಳಿಯನ್ನು ಕಿತ್ತು ಹೊಸದನ್ನು ಸುತ್ತಿ ಕೊಡುವುದು ಇವರ ಕೆಲಸ. ಫ್ಯಾನು, ಮಿಕ್ಸರು, ಸ್ಟೆಬಿಲೈಸರುಗಳೂ ಬರುತ್ತವೆ. ನನ್ನ ಗಿಟಾರಿನ ಬಗ್ಗೆ ಅವರ ಅಭಿಪ್ರಾಯ ಒಂದೇ: ‘ಛಲೋ ಐತಿ, ಆದ್ರ ಯಾಕ ಅಳತೈತಿ ಅದು?’

ವಾಲ್ವ್ ಆಂಪ್ಲಿಫೈಯರನ್ನು ನಾನು ಮೊಬೈಲಿನಲ್ಲಿ ಕಂಡೆ. ಸತ್ತೂರಿನ ಆಸ್ಪತ್ರೆಯಲ್ಲಿ ಎಂ.ಡಿ. ಮಾಡುತ್ತಿದ್ದ ಒಬ್ಬ ಯುವ ಡಾಕ್ಟರು ಮಾರಾಟಕ್ಕಿಟ್ಟಿದ್ದರು. ಹೊಸದೇ, ಆದರೆ ಐವತ್ತು ಅರವತ್ತರ ದಶಕದ ಮಾದರಿಯಲ್ಲಿ ಮಾಡಿದ್ದು. ಕೆನೆಬಣ್ಣದ ಹೊದಿಕೆ, ಮುಂದೆ ಕಂದು ಬಣ್ಣದ ಜಾಳಿಗೆ ಬಟ್ಟೆ, ಕೋಳಿಯ ಕೊಕ್ಕಿನ ಆಕಾರದ ಗುಂಡಿಗಳು. ಚಿತ್ರವನ್ನು ಗಂಡನಿಗೆ ತೋರಿಸಿದೆ.

‘ಇದರಾಗ ಏನು ವಿಶೇಷ?’

‘ವಾಲ್ವ್ ಅದಾವ್ರಿ.’

‘ವಾಲ್ವೂ? ಅವು ಹೋಗಿ ಎಷ್ಟು ವರ್ಷ ಆತು! ನಡಿ, ನೋಡೇ ಬರೂಣು.’

ಆಸೆ ಇದ್ದದ್ದು ನನಗೆ. ಆದರೆ ಕಾರಿನ ಕೀಲಿ ಮೊದಲು ಹುಡುಕಿದವರು ಅವರು. ಹಳೆಯ ಯಂತ್ರ ಅಂದರೆ ಅವರ ಕಾಲು ನಿಲ್ಲುವುದಿಲ್ಲ.

ಡಾಕ್ಟರು ಹಾಸ್ಟೆಲ್ಲಿನ ಕೆಳಗಿನ ಕೋಣೆಯೊಂದರಲ್ಲಿ ನಮಗಾಗಿ ಕಾಯುತ್ತಿದ್ದರು. ಗಂಡ-ಹೆಂಡತಿ ಇಬ್ಬರನ್ನೂ ನೋಡಿ, ‘ಮಗನಿಗೆ ಬೇಕಾಗಿತ್ತೇನ್ರಿ?’ ಅಂದರು.

‘ಇಲ್ಲ, ನನಗ,’ ಅಂದೆ.

ಅವರು ನಾಚಿಕೊಂಡು ನಕ್ಕು, ತಮ್ಮ ಗಿಟಾರಿನಲ್ಲಿ ಒಂದೇ ಒಂದು ಮೀಟು ಹಾಕಿದರು. ಕಿಟಕಿಯ ಗಾಜು ಜುಂ ಎಂದಿತು. ಮೇಲಿನ ಮಹಡಿಯಿಂದ ಯಾರೋ ಚಪ್ಪಲಿಯಿಂದ ನೆಲ ಬಡಿದರು. ‘ಇದಕ್ಕೇ ಮಾರಾಕತ್ತೇನಿ ನೋಡ್ರಿ,’ ಅಂದರು. ನಾನು ಕುರ್ಚಿಯ ಮೇಲೆ ಕೂತು ನನ್ನ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೆ. ಇಂಥದ್ದನ್ನು ಅವರು ನೋಡಿರಲೇ ಇಲ್ಲವಂತೆ. ಸದ್ದನ್ನು ಸಣ್ಣದು ಮಾಡಿಸಿ ಭೂಪ್ ರಾಗದ ನಾಲ್ಕು ಸ್ವರ ನುಡಿಸಿದೆ. ನಾನು ಹುಡುಕುತ್ತಿದ್ದದ್ದು ಅದರೊಳಗೆ ಎಲ್ಲೋ ಇತ್ತು. ಆದರೆ ಪೂರ್ತಿ ಬರಲಿಲ್ಲ. ಸ್ವಲ್ಪ ಜೋರು ಮಾಡಿದರೆ ಸ್ವರದ ಅಂಚು ಕರಕರ ಎನ್ನುತ್ತಿತ್ತು. ರಾಕ್ ನುಡಿಸುವವರಿಗೆ ಆ ಕರಕರವೇ ಬೇಕಂತೆ, ಅದಕ್ಕಾಗಿಯೇ ಹೀಗೆ ಮಾಡುತ್ತಾರಂತೆ.

‘ನಿಮಗ ಸಾಫ್ ಸೌಂಡ್ ಬೇಕಂದ್ರ ಸ್ವಲ್ಪ ಬದಲ ಮಾಡಬೇಕಾಗತೈತ್ರಿ. ಮೊದಲನೇ ವಾಲ್ವ್ ತಗದು ಈ ವಾಲ್ವ್ ಹಾಕ್ರಿ, ಇದರ ಜೋರು ಕಡಿಮಿ. ಸ್ಪೀಕರೂ ಇನ್ನಷ್ಟು ದೊಡ್ಡದಿರಬೇಕು,’ ಎನ್ನುತ್ತ ಡಾಕ್ಟರು ಒಂದು ಪುಟ್ಟ ಡಬ್ಬಿ ಕೊಟ್ಟರು. ನಾವು ದುಡ್ಡು ಕೊಟ್ಟು ಹೊರಡುವಾಗ ಪೇಷಂಟಿಗೆ ಹೇಳುವ ಧಾಟಿಯಲ್ಲಿ ಬೆರಳೆತ್ತಿ ಹೇಳಿದರು: ‘ಒಂದ ಮಾತು ನೆನಪಿಡ್ರಿ ಮೇಡಂ. ಸ್ಪೀಕರಿನ ವಯರ್ ಹಚ್ಚದ ಇದನ್ನ ಎಂದೂ ಚಾಲೂ ಮಾಡಬ್ಯಾಡ್ರಿ. ಸುಟ್ಟು ಹೋಗತೈತಿ.’

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಹೇಳಿದ್ದನ್ನು ಒಂದೇ ಸಲಕ್ಕೆ ತಿಳಿದುಕೊಳ್ಳಬೇಕು ಅಂತ ದಿನಾ ಮಕ್ಕಳಿಗೆ ಹೇಳುವವಳು. ಸರಿಯಾಗಿ ಹದಿನೇಳನೆಯ ದಿನ ಡಾಕ್ಟರು ಬೇಡ ಅಂದದ್ದನ್ನೇ ಮಾಡಿದೆ.

ಬಡಿಗೇರರಿಂದ ದೊಡ್ಡ ಪೆಟ್ಟಿಗೆಯೊಂದನ್ನು ಮಾಡಿಸಿ ಅದಕ್ಕೆ ಹನ್ನೆರಡು ಇಂಚಿನ ಸ್ಪೀಕರ್ ಕೂರಿಸಿದ್ದೆ. ವಾಲ್ವ್ ಬದಲಿಸುವುದು ಸುಲಭದ ಕೆಲಸ, ಬಲ್ಬ್ ಬದಲಿಸಿದಂತೆ. ಅದೂ ಆಗಿತ್ತು. ಶನಿವಾರ ಮುಂಜಾನೆಯ ಸಾಲಿ ಮುಗಿಸಿ ಬಂದು, ಹಳೆಯ ಸ್ಪೀಕರಿನ ವಯರು ಬಿಚ್ಚಿ ಹೊಸದಕ್ಕೆ ಸಿಕ್ಕಿಸಿದೆ. ಸಿಕ್ಕಿಸಿದೆ ಅಂದುಕೊಂಡೆ. ಬಟನ್ ಒತ್ತಿ, ಬಿಸಿಯಾಗಲು ಬಿಟ್ಟು, ಗುಂಡಿಯನ್ನು ಅರ್ಧಕ್ಕೆ ತಿರುಗಿಸಿ ಮೀಟಿದೆ. ಸದ್ದಿಲ್ಲ. ಮುಕ್ಕಾಲಿಗೆ ತಿರುಗಿಸಿ ಜೋರಾಗಿ ಮೀಟಿದೆ. ಒಳಗೆ ಚಟ್ ಎಂದಿತು. ಎಳೆಯಷ್ಟು ಹೊಗೆ ಬಂತು. ಬಗ್ಗಿ ನೋಡಿದರೆ ಸ್ಪೀಕರಿನ ವಯರು ನೆಲದ ಮೇಲೆ ಬಿದ್ದಿತ್ತು.

ಫ್ಯಾನು ಹಚ್ಚಿದೆ, ಕಿಟಕಿಗಳನ್ನೆಲ್ಲ ತೆರೆದೆ, ಊದಿನಕಡ್ಡಿಯನ್ನೂ ಹಚ್ಚಿದೆ. ಆಂಪ್ಲಿಫೈಯರಿನ ಮೇಲೆ ಟವೆಲ್ಲು ಹೊದಿಸಿದೆ. ಐವತ್ತೇಳು ವರ್ಷದ ಹೆಂಗಸು ನಾನು, ಬಾಟಲಿ ಒಡೆದ ಹುಡುಗಿಯ ಹಾಗೆ ಅಡಿಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತೆ. ಮೂರೂವರೆಗೆ ಗಂಡ ಊಟಕ್ಕೆ ಬಂದರು. ಒಂದು ಚಪ್ಪಲಿ ಬಿಚ್ಚಿದ್ದರು, ಇನ್ನೊಂದು ಕಾಲಿನಲ್ಲೇ ಇತ್ತು. ಹೊಸ್ತಿಲಲ್ಲೇ ನಿಂತು ಮೂಗೆಳೆದರು.

‘ಯಾರ ಮನ್ಯಾಗ ವೈಂಡಿಂಗ್ ಸುಟ್ಟೈತಿ?’

ನಾನು ಇನ್ನೊಂದು ಎಸಳು ಸುಲಿದೆ.

‘ಮಿಕ್ಸರ್ ಅಲ್ಲ, ಫ್ಯಾನೂ ಅಲ್ಲ. ಭಾಳ ಸಣ್ಣ ತಂತಿ ಇದು,’ ಎನ್ನುತ್ತ ಅವರು ವಾಸನೆಯ ಹಿಂದೆಯೇ ನಡೆದು ಟವೆಲ್ಲಿನ ಮುಂದೆ ನಿಂತರು. ಮೂವತ್ತು ವರ್ಷ ಸುಟ್ಟ ಮೋಟಾರುಗಳ ನಡುವೆ ಬದುಕಿದವರ ಮೂಗಿನೆದುರು ನನ್ನ ಊದಿನಕಡ್ಡಿ ಏನೂ ಅಲ್ಲವೆಂದು ನನಗೆ ಹೊಳೆಯಬೇಕಿತ್ತು.

ಬೈಯುತ್ತಾರೆ ಅಂದುಕೊಂಡೆ. ಅವರು ಊಟವನ್ನೂ ಮರೆತು ಸ್ಕ್ರೂಡ್ರೈವರ್ ತಂದರು. ಬಿಚ್ಚುವ ಮೊದಲು ಪ್ಲಗ್ ಕಿತ್ತು, ಹಳೆಯ ಟಿವಿಗಳ ಹಾಗೆ ಇದರ ಹೊಟ್ಟೆಯಲ್ಲೂ ಕರೆಂಟು ಉಳಿದಿರುತ್ತದೆಂದು ನನ್ನನ್ನು ದೂರ ನಿಲ್ಲಿಸಿ, ಬಲ್ಬಿನ ಎರಡು ವಯರು ಮುಟ್ಟಿಸಿ ಅದನ್ನು ಖಾಲಿ ಮಾಡಿದರು. ವಾಲ್ವ್‌ಗಳಿಗೂ ಸ್ಪೀಕರಿಗೂ ನಡುವೆ ಮುಷ್ಟಿಗಾತ್ರದ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ. ಸುಟ್ಟಿದ್ದು ಅದು. ಅವರು ಅದನ್ನು ಬಿಚ್ಚಿ ಅಂಗೈ ಮೇಲೆ ತೂಗಿ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಹೊಸ ಗಿರಾಕಿ ಬಂದಾಗಿನ ಕಳೆ ಇತ್ತು.

‘ಕಬ್ಬಿಣ ಕಡಿಮಿ ಹಾಕ್ಯಾರ ಮಕ್ಕಳು,’ ಅಂದರು. ‘ಇಷ್ಟರಾಗ ದೊಡ್ಡ ಸೌಂಡ್ ಹೆಂಗ ಸಾಫ್ ಬರಬೇಕು? ನಾ ಸುತ್ತಿ ಕೊಡತೇನಿ. ಇದರ ಡಬಲ್ ಕಬ್ಬಿಣ ಹಾಕಿ ಸುತ್ತತೇನಿ. ನಾಳೆ ಅಂಗಡಿಗಿ ಬಾ.’

ನಾಚಿಕೆಯ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಮದುವೆಯಾಗಿ ಮೂವತ್ತೊಂದು ವರ್ಷವಾದರೂ ನಾನು ಆ ಅಂಗಡಿಯ ಕಟ್ಟೆ ದಾಟಿ ಒಳಗೆ ಹೋದವಳಲ್ಲ. ಊಟದ ಡಬ್ಬಿ ಕೊಟ್ಟು ಹೊರಗಿನಿಂದಲೇ ತಿರುಗಿಬಂದವಳು. ಒಳಗೆ ಎಣ್ಣೆ, ಮಸಿ, ವಾರ್ನಿಷ್ ವಾಸನೆ, ಸೀರೆ ಹೊಲಸಾಗುತ್ತದೆ ಅನ್ನುವ ಹೆದರಿಕೆ. ಆ ಭಾನುವಾರ ಹಳೆಯ ಚೂಡಿದಾರ ಹಾಕಿಕೊಂಡು ಹೋದೆ.

ಒಳಗಿನ ಕಿಟಕಿಯ ಹತ್ತಿರ ಆಪಾ ಕೂತಿದ್ದರು. ಆಪಾ ಅಂದರೆ ಅಕ್ಕ, ಎಲ್ಲರೂ ಅವರನ್ನು ಹಾಗೇ ಕರೆಯುತ್ತಾರೆ. ನನ್ನ ಗಂಡನ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಫ್ಯಾನಿನ ತಂತಿ ಸುತ್ತುವವರು. ಅವರ ಮಗಳಿಗೆ ನಾನು ಗಣಿತ ಕಲಿಸಿದ್ದೆ. ಅವರನ್ನು ನಾನು ನೋಡಿದ್ದೆಲ್ಲ ಸಾಲಿಯ ಪಾಲಕರ ಸಭೆಯಲ್ಲಿ, ಹಿಂದಿನ ಬೆಂಚಿನ ಮೇಲೆ ಮುದುಡಿ ಕೂತದ್ದು. ಇಲ್ಲಿ ಅವರು ಬೇರೆಯೇ ಮನುಷ್ಯರು. ಎಡಗೈ ಎರಡು ಬೆರಳ ನಡುವೆ ತಂತಿಯನ್ನು ಬಿಗಿ ನೋಡಿ ಬಿಡುತ್ತಿತ್ತು, ಬಲಗೈ ಕೈಮಷಿನ್ನಿನ ಹಿಡಿಕೆ ತಿರುಗಿಸುತ್ತಿತ್ತು, ಕಣ್ಣು ಬಾಗಿಲ ಕಡೆಗಿತ್ತು.

‘ಬರ್ರಿ ಅಕ್ಕೋರ. ಇವತ್ತ ನೀವು ನಮ್ಮ ಸಾಲಿಗಿ ಬಂದ್ರಿ,’ ಎಂದು ಸ್ಟೂಲು ಒರೆಸಿ ಕೊಟ್ಟರು.

ಮೊದಲ ಕೆಲಸ ಸುಟ್ಟ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ಅದರ ಒಳಗನ್ನು ಓದುವುದು. ತಂತಿ ಕೂದಲಿನಷ್ಟು ತೆಳ್ಳಗಿತ್ತು. ಅರ್ಧಕ್ಕರ್ಧ ಕರಕಲಾಗಿ ತುಂಡುತುಂಡಾಗಿ ಬರುತ್ತಿದ್ದದ್ದರಿಂದ ಸುತ್ತುಗಳ ಲೆಕ್ಕ ಸಿಗಲಿಲ್ಲ. ಗಂಡ ತಲೆ ಕೆರೆದುಕೊಂಡರು. ಮೋಟಾರಿನದಾದರೆ ಅವರಿಗೆ ಬಾಯಿಪಾಠ, ಇದು ಹೊಸದು. ನಾನು ಅಂತರ್ಜಾಲದಿಂದ ಆ ಮಾದರಿಯ ನಕಾಶೆ ಮುದ್ರಿಸಿ ತಂದಿದ್ದೆ. ಅದರಲ್ಲಿ ವಾಲ್ವ್‌ಗಳ ಬದಿಗೆ ಎಂಟು ಸಾವಿರ ಓಮ್, ಸ್ಪೀಕರಿನ ಬದಿಗೆ ಎಂಟು ಓಮ್ ಎಂದಿತ್ತು. ಎರಡು ಬದಿಯ ಸುತ್ತುಗಳು ಎಷ್ಟು ಪಟ್ಟು ಇರಬೇಕು ಅನ್ನುವುದಕ್ಕೆ ಸೂತ್ರ ಹುಡುಕಿದರೆ, ಅದು ಒಂದನ್ನು ಇನ್ನೊಂದರಿಂದ ಭಾಗಿಸಿ ವರ್ಗಮೂಲ ತೆಗೆಯುವುದು. ಒಂಬತ್ತನೆಯ ತರಗತಿಯ ಲೆಕ್ಕ!

‘ಸಾವಿರದ ವರ್ಗಮೂಲ ರೀ. ಮೂವತ್ತೊಂದು ಪಾಯಿಂಟ್ ಆರು,’ ಅಂದೆ. ಸ್ಪೀಕರಿನ ಬದಿಗೆ ಎಂಬತ್ತು ಸುತ್ತು ಇಟ್ಟರೆ ವಾಲ್ವ್‌ಗಳ ಬದಿಗೆ ಎರಡು ಸಾವಿರದ ಐದುನೂರ ಇಪ್ಪತ್ತೆಂಟು.

ಗಂಡ ನನ್ನ ಮುಖ ನೋಡಿದರು. ‘ಇಷ್ಟ ದಿನ ಇದನ್ನ ನನಗ ಯಾಕ ಹೇಳಲಿಲ್ಲ? ಸ್ಟೆಬಿಲೈಸರ್ ಬಂದಾಗೆಲ್ಲಾ ನಾ ಅಂದಾಜಿಲೇ ಹೊಡೀತಿದ್ದೆ.’

‘ನೀವು ಕೇಳಿದ್ರೇನು?’

ಆಪಾ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

ಗಂಡ ಸ್ಟೆಬಿಲೈಸರಿಗೆಂದು ಇಟ್ಟಿದ್ದ ಕಬ್ಬಿಣದ ತಗಡುಗಳಲ್ಲಿ ಒಳ್ಳೆಯವನ್ನು ಆರಿಸಿದರು. ಆಪಾ ಎರಡು ಭಾನುವಾರ ಸುತ್ತಿದರು. ದಪ್ಪ ತಂತಿಯನ್ನೂ ತೆಳು ತಂತಿಯನ್ನೂ ಪದರ ಬಿಟ್ಟು ಪದರ ಸುತ್ತಬೇಕು, ನಡುವೆ ಕಾಗದ ಹಾಕಬೇಕು, ಸರಿಯಾಗಿ ಅರ್ಧಕ್ಕೆ ಒಂದು ಎಳೆ ಹೊರಗೆ ತೆಗೆಯಬೇಕು. ಅವರ ಮಷಿನ್ನಿಗೆ ಎಣಿಸುವ ಮೀಟರು ಇತ್ತು, ಆದರೆ ಅವರು ಅದನ್ನು ನಂಬುತ್ತಿರಲಿಲ್ಲ. ನನ್ನೊಡನೆ ಮಗಳ ಹೆರಿಗೆಯ ಸುದ್ದಿ, ಬಿರಿಯಾನಿಗೆ ಯಾವ ಅಕ್ಕಿ, ಮೊಣಕಾಲು ನೋವು ಎಲ್ಲ ಮಾತಾಡುತ್ತಲೇ ಸುತ್ತುತ್ತಿದ್ದರು. ನಡುನಡುವೆ ನಿಲ್ಲಿಸಿ ‘ಐದನೂರ ಆತ್ರಿ’, ‘ಸಾವಿರದ ಎರಡನೂರ ಅರವತ್ನಾಕು, ಅರ್ಧ ಆತ್ರಿ’ ಅನ್ನುತ್ತಿದ್ದರು. ಮೀಟರು ನೋಡಿದರೆ ಅಷ್ಟೇ ಇರುತ್ತಿತ್ತು. ಒಂದು ಸಲ ಮಾತ್ರ ಮೀಟರು ಮೂರು ಹೆಚ್ಚು ತೋರಿಸಿತು. ಆಪಾ ತಲೆಯೆತ್ತದೆ, ‘ಮೀಟರ್ ತಪ್ಪೈತಿ,’ ಅಂದರು. ನಾವಿಬ್ಬರೂ ಮೀಟರಿನ ಪಕ್ಷ ವಹಿಸುವ ಧೈರ್ಯ ಮಾಡಲಿಲ್ಲ.

ವಾರ್ನಿಷಿನಲ್ಲಿ ಅದ್ದಿ, ಒಲೆಯಲ್ಲಿ ಒಣಗಿಸಿ, ಮೂರನೆಯ ಭಾನುವಾರ ಅದನ್ನು ಕೂರಿಸಿದರು. ಹಳೆಯ ಜಾಗದಲ್ಲಿ ಅದು ಹಿಡಿಸಲಿಲ್ಲ, ತಳದ ತಗಡಿನಲ್ಲಿ ಹೊಸ ತೂತು ಕೊರೆಯಬೇಕಾಯಿತು. ಗಂಡ ತಮ್ಮ ಟೆಸ್ಟ್ ಬಲ್ಬಿನ ಮೂಲಕ ಕರೆಂಟು ಕೊಟ್ಟರು. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರಾ ಉರಿಯುತ್ತದೆ, ಏನೂ ಹಾಳಾಗುವುದಿಲ್ಲ. ಬಲ್ಬು ಒಮ್ಮೆ ಮಿನುಗಿ ಮಂಕಾಯಿತು. ‘ಬರೋಬರಿ ಐತಿ,’ ಎಂದು ನೇರ ಕರೆಂಟಿಗೆ ಹಚ್ಚಿದರು. ಸ್ಪೀಕರಿನ ವಯರನ್ನು ನಾನೇ ಮೂರು ಸಲ ಎಳೆದು ನೋಡಿದೆ. ಗಾಜಿನೊಳಗೆ ಕೆಂಪು ಮೂಡಿತು. ಬಿಸಿಯಾಗಲಿ ಎಂದು ಕಾದೆವು.

ಆಮೇಲೆ ಅದು ಕಿರುಚಿತು. ನಾನು ಗಿಟಾರನ್ನು ಮುಟ್ಟಿರಲೇ ಇಲ್ಲ. ಸೈರನ್ನಿನಂಥ ಕೂಗು ಅಂಗಡಿಯನ್ನೆಲ್ಲ ತುಂಬಿತು. ಎದುರಿನ ಟೈರಿನ ಅಂಗಡಿಯವರು ಹೊರಗೆ ಬಂದರು. ಆಪಾ ಎರಡೂ ಕಿವಿ ಮುಚ್ಚಿಕೊಂಡರು. ಗಂಡ ಪ್ಲಗ್ ಎಳೆದರು.

ಮೂರು ಭಾನುವಾರದ ಕೆಲಸ, ಆಪಾರ ಎರಡೂವರೆ ಸಾವಿರ ಸುತ್ತು, ನನ್ನ ವರ್ಗಮೂಲ ಎಲ್ಲ ನೀರುಪಾಲಾಯಿತು ಅನ್ನಿಸಿತು. ‘ನಾ ಎಣಸಿದ್ದರಾಗ ತಪ್ಪಿಲ್ರೀ,’ ಎಂದು ಆಪಾ ಮೆಲ್ಲಗೆ ಹೇಳಿದರು. ಗಂಡ ಚಹಾ ತರಿಸಿದರು. ಕುಡಿಯುತ್ತ, ಅಂಗಳದಲ್ಲಿ ಯಾರದೋ ಪಂಪಿನ ಮೋಟಾರು ಪರೀಕ್ಷೆಗೆ ತಿರುಗುತ್ತಿದ್ದುದನ್ನು ನೋಡುತ್ತಿದ್ದರು. ಅರ್ಧ ಕುಡಿದಿದ್ದರು, ಲೋಟ ಕೆಳಗಿಟ್ಟರು.

‘ನಕಾಶಿ ತೋರಸು. ಸ್ಪೀಕರ್ ಕಡೆಯಿಂದ ಒಂದು ವಯರ್ ತಿರುಗಿ ಒಳಗ ಹೋಗತೈತೇನು?’

ನಾನು ಬೆರಳಿಟ್ಟು ಹುಡುಕಿದೆ. ಹೋಗುತ್ತಿತ್ತು. ಹೊರಗೆ ಬರುವ ಸದ್ದಿನ ಒಂದು ಪಾಲನ್ನು ಹಿಂದಕ್ಕೆ ಕಳಿಸಿ, ಒಳಗಿನ ಸದ್ದನ್ನು ಹದ್ದುಬಸ್ತಿನಲ್ಲಿ ಇಡುವ ವ್ಯವಸ್ಥೆ ಅದು ಎಂದು, ಓದಿದ್ದನ್ನು ಹೇಳಿದೆ.

‘ಅದು ಹಿಡದು ನಿಲ್ಲಸಬೇಕು, ಹೌದಲ್ಲ? ನಾವು ಉಲ್ಟಾ ಹಚ್ಚೇವಿ. ಹಿಡಿಯೂ ಬದಲಿ ನೂಕಾಕತ್ತೈತಿ. ಮೋಟಾರ್ ಉಲ್ಟಾ ತಿರಗಿದ್ರ ಏನ ಮಾಡತೇವಿ ಆಪಾ?’

‘ಎರಡು ವಯರ್ ಅದಲ ಬದಲ,’ ಅಂದರು ಆಪಾ.

ವಾಲ್ವ್‌ಗಳಿಗೆ ಹೋಗುವ ಎರಡು ವಯರುಗಳನ್ನು ಗಂಡ ಬಿಚ್ಚಿ, ಅದನ್ನು ಇಲ್ಲಿಗೆ, ಇದನ್ನು ಅಲ್ಲಿಗೆ ಬೆಸೆದರು. ಐದು ನಿಮಿಷದ ಕೆಲಸ. ಮತ್ತೆ ಬಲ್ಬು, ಮತ್ತೆ ಪ್ಲಗ್ಗು, ಮತ್ತೆ ಕಾಯುವುದು. ಈ ಸಲ ಏನೂ ಕೇಳಿಸಲಿಲ್ಲ. ಸ್ಪೀಕರಿಗೆ ಕಿವಿ ಹಚ್ಚಿದರೆ ಉಸಿರಿನಷ್ಟು ಸಣ್ಣ ಸದ್ದು.

ನಾನು ಸ್ಟೂಲಿನ ಮೇಲೆ ಕೂತು ಗಿಟಾರನ್ನು ತೊಡೆಗೆ ತಗೊಂಡೆ. ಮೊದಲ ಸ್ವರವೇ ತಪ್ಪು ಜಾಗಕ್ಕೆ ಬಿತ್ತು. ಆದರೆ ಆ ತಪ್ಪು ಸ್ವರವೂ ದುಂಡಗಿತ್ತು! ಸರಳನ್ನು ಮೇಲಕ್ಕೆ ಜಾರಿಸಿದೆ. ಸ್ವರ ಎಲ್ಲೂ ಒಡೆಯಲಿಲ್ಲ, ಕರಕರ ಅನ್ನಲಿಲ್ಲ, ಕೆಳಗಿನ ತಂತಿಗಳಿಗೆ ಬಂದಾಗ ಕಾಲಡಿಯ ನೆಲಕ್ಕೂ ತಿಳಿಯುತ್ತಿತ್ತು. ಸಾಲಿಗೆ ಹೋಗುತ್ತಿದ್ದಾಗ ಕಲಿತ ಒಂದು ಧುನ್ ಪೂರ್ತಿ ನುಡಿಸಿದೆ. ಅದು ಸರ್ ಅವರ ಆಂಪ್ಲಿಫೈಯರಿನ ಸದ್ದೇ ಆಗಿತ್ತೆಂದು ಹೇಳಲಾರೆ. ನಲವತ್ತು ವರ್ಷದ ಹಿಂದಿನ ಸದ್ದು ನಿಜಕ್ಕೂ ಹೇಗಿತ್ತೋ ಯಾರಿಗೆ ಗೊತ್ತು? ಇದು ನಮ್ಮ ಮೂವರ ಸದ್ದು. ನನಗೆ ಅದು ಸಾಕಾಗಿತ್ತು, ಸಾಕಾಗುವುದಕ್ಕಿಂತ ಹೆಚ್ಚೇ ಇತ್ತು.

ಪಂಪು ಒಯ್ಯಲು ಬಂದಿದ್ದ ಕುಂದಗೋಳದ ಕಡೆಯ ರೈತರೊಬ್ಬರು ಅಂಗಳದಲ್ಲೇ ಮೋಟಾರು ಬಂದ್ ಮಾಡಿ ಕೇಳುತ್ತ ನಿಂತಿದ್ದರು. ಮುಗಿದ ಮೇಲೆ, ‘ಇದೂ ನೀವ ರಿಪೇರಿ ಮಾಡಿದ್ರೇನ್ರಿ?’ ಎಂದು ನನ್ನ ಗಂಡನನ್ನು ಕೇಳಿದರು.

‘ಸುತ್ತಿದ್ದು ಆಪಾ. ಲೆಕ್ಕ ನಮ್ಮ ಮನಿಯವರದು,’ ಅಂದರು ಇವರು. ‘ನಂದು ಬರೇ ಎರಡು ವಯರ್.’

ನನ್ನ ಬಗ್ಗೆ ಹೊರಗಿನವರೆದುರು ಅವರು ಹಾಗೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು.

ಇದಾಗಿ ಒಂದು ವರ್ಷವಾಯಿತು. ಡಾಕ್ಟರಿಗೆ ಒಂದು ಧುನ್ ರೆಕಾರ್ಡ್ ಮಾಡಿ ಕಳಿಸಿದ್ದೆ. ಅವರು ಈಗ ಬೇರೆ ಊರಿನಲ್ಲಿದ್ದಾರೆ, ‘ಮಾರಿದ್ದು ತಪ್ಪಾತು’ ಎಂದು ಬರೆದರು. ಆಂಪ್ಲಿಫೈಯರು ಮನೆಗೆ ಬಂತು. ಆದರೂ ತಿಂಗಳಿಗೊಂದು ಭಾನುವಾರ ನಾನು ಅಂಗಡಿಗೆ ಹೋಗುತ್ತೇನೆ. ಸ್ಟೆಬಿಲೈಸರುಗಳ ಲೆಕ್ಕ ಮಾಡಿಕೊಡುತ್ತೇನೆ, ಆಪಾರ ಪಕ್ಕದಲ್ಲಿ ಕೂತು ಹತ್ತಿಪ್ಪತ್ತು ಸುತ್ತು ನಾನೂ ಸುತ್ತುತ್ತೇನೆ. ಅವರು ಅದನ್ನು ಬಿಚ್ಚಿ ಮತ್ತೆ ಸುತ್ತುತ್ತಾರೆ, ನನಗೆ ಕಾಣದ ಹಾಗೆ.

ಗಂಡನಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಸಂಜೆ ನಾನು ನುಡಿಸುವಾಗ ಪೇಪರು ಹಿಡಿದು ಕೂತಿರುತ್ತಾರೆ, ಎರಡು ಧುನ್‌ಗಳ ನಡುವೆ ಎದ್ದು ಬಂದು ಸ್ಪೀಕರಿಗೆ ಕಿವಿಗೊಡುತ್ತಾರೆ.

‘ಸಣ್ಣಗ ಗುಂಯ್ ಅಂತೈತಿ. ಒಂದು ಚೋಕ್ ಸುತ್ತಿ ಹಾಕಿದ್ರ ಅದೂ ಹೋಗತೈತಿ ನೋಡು.’

‘ಬ್ಯಾಡ ಬಿಡ್ರಿ. ನನಗ ಕೇಳಸೂದ ಇಲ್ಲ.’

‘ನನಗ ಕೇಳಸತೈತಿ,’ ಅನ್ನುತ್ತಾರೆ ಅವರು. ‘ಇನ್ನೊಂದು ಬಾರಸು. ಆ ಅಳೂದು ಬಾರಸು.’